ಗುಣಾಕಾರಕ್ಕೆ ಮೊದಲು ಕರಾರು ಓದಿ

ಪ್ರಿಯರೇ,

ಕುಂಬಳೆಯಿಂದ ನೀವು ಕಳಿಸಿದ ಲೇಖನ ಸಿಕ್ಕಿತು. ಫುಟ್‌ಬಾಲ್ ಮ್ಯಾನೇಜರ್‌ಗಳಿಗೆ, ಅಂದರೆ ತಂಡದ ಮುಖ್ಯ ಕೋಚ್‌ಗಳಿಗೆ, ಐದಾರು ವರ್ಷದ ಕರಾರು ಕೊಟ್ಟು, ಅರ್ಧಕ್ಕೇ ಮನೆಗೆ ಕಳಿಸಿ, ಕ್ಲಬ್‌ಗಳು ಕೈ ಸುಟ್ಟುಕೊಳ್ಳುತ್ತವೆ ಎಂಬುದು ನಿಮ್ಮ ವಾದ. ವಿಷಯ ಒಳ್ಳೆಯದು, ಭಾಷೆ ಸಲೀಸಾಗಿದೆ. ನಮ್ಮ ಕಡೆ ಫುಟ್‌ಬಾಲ್ ಬಗ್ಗೆ ಬರೆಯುವವರು ಗೋಲು ಬಿಟ್ಟು ದುಡ್ಡಿನ ಮಾತೆತ್ತುವುದು ಅಪರೂಪ. ನೀವು ಎತ್ತಿದ್ದೀರಿ, ಸಂತೋಷ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಆ ಪುಟದ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಸಾಲು ಇದು: “ಡೇವಿಡ್ ಮೊಯೆಸ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್ ಆರು ವರ್ಷದ ಕರಾರು ಕೊಟ್ಟಿತು. ಹತ್ತು ತಿಂಗಳಲ್ಲಿ ತೆಗೆದುಹಾಕಿತು. ಅಂದರೆ ಉಳಿದ ಐದು ವರ್ಷದ ಸಂಬಳ ಪೂರ್ತಿ ನಷ್ಟ.”

ಮೊದಲ ಎರಡು ವಾಕ್ಯ ಸರಿ. 2013ರಲ್ಲಿ ಬಂದರು, 2014ರ ಏಪ್ರಿಲ್‌ನಲ್ಲಿ ಹೋದರು. ಮೂರನೆಯ ವಾಕ್ಯ ಎಲ್ಲಿಂದ ಬಂತು? ಯುನೈಟೆಡ್ ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ಕಂಪನಿ. ಅದರ ಲೆಕ್ಕಪತ್ರ ಯಾರು ಬೇಕಾದರೂ ನೋಡಬಹುದು. ಮೊಯೆಸ್ ಮತ್ತು ಅವರ ಸಹಾಯಕರನ್ನು ಕಳಿಸಿದ್ದಕ್ಕೆ ಆ ವರ್ಷ ಬರೆದ ಖರ್ಚು ಸುಮಾರು 52 ಲಕ್ಷ ಪೌಂಡ್. ಸಣ್ಣ ಮೊತ್ತವಲ್ಲ, ನಿಜ. ಆದರೆ ಅಂಥ ಕ್ಲಬ್ಬಿನ ಮ್ಯಾನೇಜರ್‌ನ ಐದು ವರ್ಷದ ಸಂಬಳ ಅಷ್ಟರಲ್ಲಿ ಮುಗಿಯುತ್ತದಾ?

ಇನ್ನೊಂದು ಕಡೆ ಚೆಲ್ಸಿ ಕ್ಲಬ್ಬಿನ ಮ್ಯಾನೇಜರ್ ಆಂಟೋನಿಯೋ ಕಾಂಟೆ. 2018ರ ಜುಲೈಯಲ್ಲಿ ತೆಗೆದಾಗ ಅವರ ಕರಾರಿನಲ್ಲಿ ಉಳಿದದ್ದು ಒಂದೇ ವರ್ಷ. ಉಳಿದ ವರ್ಷವನ್ನು ಸಂಬಳದಿಂದ ಗುಣಿಸುವ ನಿಮ್ಮ ಗುಣಾಕಾರದ ಪ್ರಕಾರ ಅಗ್ಗದಲ್ಲಿ ಮುಗಿಯಬೇಕಿತ್ತು. ಜಗಳ ನ್ಯಾಯಮಂಡಳಿಗೆ ಹೋಯಿತು, ಕಾಂಟೆ ಗೆದ್ದರು. ಸಹಾಯಕರ ಪಾಲು, ವಕೀಲರ ಫೀಸು ಎಲ್ಲ ಸೇರಿ ಕ್ಲಬ್ ಲೆಕ್ಕದಲ್ಲಿ ತೋರಿಸಿದ್ದು 2.66 ಕೋಟಿ ಪೌಂಡ್. ಐದು ವರ್ಷ ಉಳಿದವರಿಗೆ ಅರ್ಧ ಕೋಟಿ, ಒಂದು ವರ್ಷ ಉಳಿದವರಿಗೆ ಎರಡೂವರೆ ಕೋಟಿಗೂ ಮೇಲೆ. ಇವೆರಡನ್ನು ಪಕ್ಕಪಕ್ಕ ಇಟ್ಟಿದ್ದರೆ ನಿಮ್ಮ ಲೇಖನ ಬೇರೆಯೇ ಆಗುತ್ತಿತ್ತು.

ಯಾಕೆ ಹೀಗೆ ಅಂತ ನೀವು ಓದುಗರಿಗೆ ಹೇಳಬೇಕಿತ್ತು. ಇಂಗ್ಲೆಂಡಿನಲ್ಲಿ ಅವಧಿಗೆ ಮೊದಲೇ ಕೆಲಸ ಹೋದವನು ಸುಮ್ನೆ ಮನೆಯಲ್ಲಿ ಕೂತು ಉಳಿದ ಸಂಬಳವನ್ನೆಲ್ಲ ಕೇಳುವ ಹಾಗಿಲ್ಲ. ಬೇರೆ ಕೆಲಸ ಹುಡುಕಬೇಕು. ಅಲ್ಲಿ ಸಿಗುವ ಸಂಬಳವನ್ನು ಪರಿಹಾರದಿಂದ ಕಳೆಯುತ್ತಾರೆ. ಇನ್ನು ಎಷ್ಟೋ ಕರಾರುಗಳಲ್ಲಿ, ಬೇರೆಯಾಗುವಾಗ ಇಷ್ಟೇ ಕೊಡುವುದು ಅಂತ ಮೊದಲೇ ಬರೆದಿರುತ್ತಾರೆ. ಮ್ಯಾನೇಜರ್ ಕೆವಿನ್ ಕೀಗನ್ 2008ರಲ್ಲಿ ನ್ಯೂಕ್ಯಾಸಲ್ ಕ್ಲಬ್ ಬಿಟ್ಟರು. ತಪ್ಪು ಕ್ಲಬ್ಬಿನದು ಎಂದೇ ಮರುವರ್ಷ ನ್ಯಾಯಮಂಡಳಿ ಹೇಳಿತು. ಆದರೂ ಸಿಕ್ಕಿದ್ದು 20 ಲಕ್ಷ ಪೌಂಡ್ ಮತ್ತು ಬಡ್ಡಿ ಮಾತ್ರ. ಅವರು ಕೇಳಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಕರಾರಿನಲ್ಲಿ ಬರೆದ ಮಿತಿ ಅಷ್ಟೇ ಇತ್ತು. ಹಾಗಾಗಿ ಎಷ್ಟು ವರ್ಷ ಅಂತ ಕೇಳಿದರೆ ಸಾಲದು. ಬಿಡಿಸಿಕೊಳ್ಳುವ ದಿನ ಏನು ಕೊಡಬೇಕು ಅಂತ ಬರೆದಿದೆ, ಅದನ್ನು ಕೇಳಿ.

ನಾನು ಕೆಲಸ ಕಲಿತದ್ದು ಕಾಸರಗೋಡಿನ ಒಂದು ಸಣ್ಣ ಕನ್ನಡ ಪತ್ರಿಕೆಯಲ್ಲಿ. ಮಳೆಗಾಲ ಮುಗಿದು ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್ ಪಂದ್ಯಗಳು, ಶುರುವಾದರೆ ನಮ್ಮ ಸಂಪಾದಕರು ನನ್ನನ್ನು ತೃಕ್ಕರಿಪುರಕ್ಕೆ ಕಳಿಸುತ್ತಿದ್ದರು. ವರದಿಯಲ್ಲಿ ಆಟ ಹೇಗಿತ್ತು ಅಂತ ಅವರು ಓದುತ್ತಲೇ ಇರಲಿಲ್ಲ. “ಹೊರಗಿನ ಆಟಗಾರನಿಗೆ ದುಡ್ಡು ಯಾವಾಗ ಕೊಟ್ಟರು? ಆಟದ ಮೊದಲೋ, ಆಮೇಲೋ? ನಡುವೆ ಕಾಲಿಗೆ ಪೆಟ್ಟಾದರೆ ಬಾಕಿ ಯಾರ ತಲೆಗೆ?” ಅಂತ ಕೇಳುತ್ತಿದ್ದರು. ಹಾಗಾಗಿ ಗ್ಯಾಲರಿಗೆ ಹೋಗುವ ಮೊದಲು ಕಮಿಟಿಯ ಖಜಾಂಚಿಯ ಪಕ್ಕ ಕೂರುವುದು ನನಗೆ ಅಭ್ಯಾಸವಾಯಿತು. ಅಲ್ಲಿ ಒಂದೊಂದು ಆಟಕ್ಕೂ ಬೇರೆ ಮಾತು, ಬೇರೆ ದುಡ್ಡು. ಸೋತ ತಂಡದವರು ಮರುದಿನ ಬೇರೆಯವರನ್ನು ಕರೆಸುತ್ತಿದ್ದರು, ಯಾರಿಗೂ ಪರಿಹಾರ ಕೊಡಬೇಕಾಗಿರಲಿಲ್ಲ. ಆದರೆ ಚೆನ್ನಾಗಿ ಆಡಿದವನನ್ನು ಎದುರಿನ ತಂಡ ನಾಲ್ಕು ಕಾಸು ಜಾಸ್ತಿ ಕೊಟ್ಟು ಎಳೆದುಕೊಂಡರೆ ತಡೆಯುವುದಕ್ಕೂ ಆಗುತ್ತಿರಲಿಲ್ಲ. ಉದ್ದದ ಕರಾರು ಯಾಕೆ ಬೇಕು ಅಂತ ನನಗೆ ಗೊತ್ತಾದದ್ದು ಅಲ್ಲಿ.

ನಿಮ್ಮ ಲೇಖನದಲ್ಲಿ ಪೂರ್ತಿ ಬಿಟ್ಟುಹೋದದ್ದು ಇದೇ. “ಬುದ್ಧಿ ಇರುವ ಯಾವ ಕ್ಲಬ್ಬೂ ಎರಡು ವರ್ಷಕ್ಕಿಂತ ಜಾಸ್ತಿ ಕರಾರು ಕೊಡುವುದಿಲ್ಲ” ಎಂದು ಬರೆದಿದ್ದೀರಿ. ಮ್ಯಾನೇಜರ್ ಗ್ರಹಾಂ ಪಾಟರ್ ಕಥೆ ನೋಡಿ. ಬ್ರೈಟನ್ ಕ್ಲಬ್ ಅವರಿಗೆ 2019ರಲ್ಲೇ 2025ರವರೆಗೆ ಕರಾರು ಬರೆದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಚೆಲ್ಸಿ ಕರೆದಾಗ ಬ್ರೈಟನ್ ಬರಿಗೈಯಲ್ಲಿ ಬಿಡಲಿಲ್ಲ, ದೊಡ್ಡ ಪರಿಹಾರ ಪಡೆದೇ ಬಿಟ್ಟಿತು. ಚೆಲ್ಸಿ ಅವರಿಗೆ ಐದು ವರ್ಷ ಕೊಟ್ಟಿತು, ಏಳು ತಿಂಗಳು ತುಂಬುವ ಮೊದಲೇ ಕಳಿಸಿತು. ಮನುಷ್ಯ ಒಬ್ಬನೇ. ಒಂದು ಉದ್ದದ ಕರಾರು ಸಣ್ಣ ಕ್ಲಬ್ಬಿಗೆ ದುಡ್ಡು ತಂದಿತು, ಇನ್ನೊಂದು ದೊಡ್ಡ ಕ್ಲಬ್ಬಿನ ದುಡ್ಡು ತಿಂದಿತು. ನ್ಯೂಕ್ಯಾಸಲ್ 2012ರಲ್ಲಿ ಅಲನ್ ಪಾರ್ಡ್ಯೂಗೆ ಎಂಟು ವರ್ಷ ಕೊಟ್ಟಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. 2015ರ ಆರಂಭದಲ್ಲಿ ಅವರು ಕ್ರಿಸ್ಟಲ್ ಪ್ಯಾಲೇಸ್‌ಗೆ ಹೋದಾಗ ಪರಿಹಾರ ಬಂದದ್ದು ನ್ಯೂಕ್ಯಾಸಲ್‌ಗೆ.

ನಿಜವಾದ ಅಪಾಯ ಎಲ್ಲಿದೆ ಅಂತ ನನ್ನನ್ನು ಕೇಳಿದರೆ, ಮನಸ್ಸು ಗಟ್ಟಿ ಇಲ್ಲದಾಗ ಕೊಡುವ ವಿಸ್ತರಣೆಯಲ್ಲಿದೆ. ಯುನೈಟೆಡ್ 2024ರ ಜುಲೈಯಲ್ಲಿ ಎರಿಕ್ ಟೆನ್ ಹಾಗ್ ಅವರ ಕರಾರನ್ನು 2026ಕ್ಕೆ ಎಳೆಯಿತು. ಅಕ್ಟೋಬರ್ ಮುಗಿಯುವ ಮೊದಲು ತೆಗೆಯಿತು. ಅವರಿಗೂ ಸಹಾಯಕರಿಗೂ ಸೇರಿ 1.04 ಕೋಟಿ ಪೌಂಡ್. ಬೇಡ ಅನ್ನಿಸಿದ ಮೇಲೂ ಮರ್ಯಾದೆಗೆ ಅಂತ ಸಹಿ ಹಾಕಿದರೆ ಆಮೇಲೆ ತೆರಬೇಕಾಗುತ್ತದೆ. ಈ ಉದಾಹರಣೆ ನಿಮ್ಮಲ್ಲೂ ಇದೆ. ಆದರೆ “ಕೋಟ್ಯಂತರ ಹಣ ಪೋಲಾಯಿತು ಎಂದು ಹೇಳಲಾಗುತ್ತಿದೆ” ಎಂದು ಮುಗಿಸಿದ್ದೀರಿ. ಹೇಳಿದವರು ಯಾರು? ಎಷ್ಟು ಕೋಟಿ? ಅಂಕಿ ಕೈಗೆ ಸಿಗುವಲ್ಲೇ ಇರುವಾಗ ಹೀಗೆ ಬರೆಯುವುದನ್ನು ನನಗೆ ಸಹಿಸಲಾಗುವುದಿಲ್ಲ. ಒಂದು ಸಂಜೆ ಕೂತರೆ ಸಿಗುತ್ತಿತ್ತು, ಅಲ್ವಾ?

ಕೊನೆಯದಾಗಿ, ಭಾರತ ತಂಡದ ಕೋಚ್ ಆಗಿದ್ದ ಇಗೊರ್ ಸ್ಟಿಮಾಕ್ ಅವರನ್ನು ನೀವು ಅಡಿಯಲ್ಲಿ ಒಂದೇ ಸಾಲಿನಲ್ಲಿ ತುರುಕಿದ್ದೀರಿ. ನನ್ನ ಮಟ್ಟಿಗೆ ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ಅವರ ಕರಾರನ್ನು 2026ರವರೆಗೆ ವಿಸ್ತರಿಸಿತು. ಕತಾರ್ ಎದುರು ಸೋತು ವಿಶ್ವಕಪ್ ಅರ್ಹತೆಯ ಹಾದಿ ಮುಚ್ಚಿದ ಮೇಲೆ, 2024ರ ಜೂನ್‌ನಲ್ಲಿ ತೆಗೆಯಿತು. ಮೂರು ತಿಂಗಳ ಸಂಬಳ ಕೊಡುತ್ತೇವೆ ಅಂದರೆ ಅವರು ಒಪ್ಪಲಿಲ್ಲ. ಕೊನೆಗೆ 4 ಲಕ್ಷ ಡಾಲರ್, ಅಂದರೆ ಮೂರು ಕೋಟಿ ರೂಪಾಯಿಗೂ ಮೇಲೆ, ಕೊಟ್ಟು ಮುಗಿಸಿದರು. ಚೆಲ್ಸಿಯ ದುಡ್ಡು ಹೋದರೆ ಮಾಲೀಕರದು ಹೋಯಿತು. ಫೆಡರೇಷನ್‌ನಿಂದ ಹೋದ ದುಡ್ಡು ಈ ದೇಶದ ಮಕ್ಕಳ ಆಟಕ್ಕೆ ಖರ್ಚಾಗಬೇಕಾದದ್ದು. ಈ ಸಿಟ್ಟು ನಿಮ್ಮ ಬರಹದಲ್ಲಿ ಕಾಣಬೇಕು.

ನಮ್ಮ ಹುಡುಗರು ಹಳದಿ ಅಂಗಿ ತೊಟ್ಟು ಆಟ ನೋಡಲು ಕೊಚ್ಚಿಯವರೆಗೂ ಹೋಗುತ್ತಾರೆ. ಅಲ್ಲಿನ ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ಕೋಚ್ ಆಗಿ ಬಂದ ಮಿಕಾಯೆಲ್ ಸ್ಟಾರೆ 2026ರವರೆಗಿನ ಕರಾರಿದ್ದರೂ 2024ರ ಡಿಸೆಂಬರ್‌ನಲ್ಲೇ ಹೋದರು. ಅದನ್ನೂ ಸೇರಿಸಿ. ಮೊಯೆಸ್ ಮತ್ತು ಕಾಂಟೆ ಪಕ್ಕಪಕ್ಕ ಬರಲಿ, ಪಾಟರ್‌ಗೆ ಪೂರ್ತಿ ಒಂದು ಪ್ಯಾರಾ ಕೊಡಿ. ಗುಣಾಕಾರದ ಪುಟ ತೆಗೆದುಬಿಡಿ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.