ಲಕ್ವಾ ಹೊಡೆದ ಅಪ್ಪನಿಗೆ ಆಕ್ಯುಪೇಷನಲ್ ಥೆರಪಿ ಬೇಕಂತೆ. ಹಂಗಂದ್ರೇನು, ಮನೆಯಲ್ಲಿ ಏನು ಮಾಡಬಹುದು?

ಫಿಜಿಯೋಥೆರಪಿ ನಡೆದಿರುವಾಗ ಇದೊಂದು ಬೇರೆ ಯಾಕೆ ಎಂದು ಕೇಳಿದ್ದೀರಿ. ವಿಜಯಪುರದವರು ಅಂದಿರಿ, ರೊಟ್ಟಿಯಿಂದಲೇ ಹೇಳುತ್ತೇನೆ. ಫಿಜಿಯೋಥೆರಪಿ ಮುಖ್ಯವಾಗಿ ಕೈಕಾಲಿನ ಬಲ, ಚಲನೆ, ನಡಿಗೆ ನೋಡುತ್ತದೆ. ಆಕ್ಯುಪೇಷನಲ್ ಥೆರಪಿಸ್ಟ್ ಕೇಳುವುದೇ ಬೇರೆ: ನಿಮ್ಮ ಅಪ್ಪ ತಾವೇ ಉಣ್ಣಬಲ್ಲರೇ, ಜಳಕ ಮಾಡಬಲ್ಲರೇ, ಅಂಗಿ ತೊಡಬಲ್ಲರೇ?

ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯಲು ಹೋದರೆ ತಾಟೇ ಜಾರುತ್ತದೆ. ಅಂಚು ಎತ್ತರವಿರುವ ತಾಟು ಕೊಟ್ಟು, ಅದರ ಕೆಳಗೆ ಒದ್ದೆ ಬಟ್ಟೆ ಹಾಸಿ. ಕಟಕ ರೊಟ್ಟಿ ಸದ್ಯಕ್ಕೆ ಬೇಡ, ಬಿಸಿ ಮೆತ್ತನೆಯದು ಇರಲಿ. ಚಮಚದ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬೆರಳಿಗೆ ಹಿಡಿತ ಸಿಗುತ್ತದೆ. ಆದರೆ ನುಂಗುವಾಗ ಕೆಮ್ಮು ಬರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಗಡಿಬಿಡಿ ಮಾಡಿ ನೀವೇ ತೊಡಿಸಿಬಿಡಬೇಡಿ. ಹತ್ತು ನಿಮಿಷ ಹಿಡಿದರೂ ಹಿಡಿಯಲಿ.

ಎಬ್ಬಿಸುವಾಗ ಸೋತ ಕೈ ಹಿಡಿದು ಜಗ್ಗಬಾರದು, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಅವ್ವ ಒಬ್ಬರೇ ಎತ್ತುತ್ತಾರೆ ಎಂದು ಬರೆದಿದ್ದೀರಲ್ಲ, ನನಗೆ ಅದೇ ಹೆಚ್ಚು ಚಿಂತೆ. ಥೆರಪಿಗೆ ಅವರನ್ನೂ ಕರೆದುಕೊಂಡು ಹೋಗಿ. ಹತ್ತಿರ ನಿಂತು, ಮೊಣಕಾಲು ಬಾಗಿಸಿ ಎಬ್ಬಿಸುವುದನ್ನು ಅಲ್ಲಿ ಕೈಹಿಡಿದು ಕಲಿಸುತ್ತಾರೆ; ಅವರ ಸೊಂಟವೂ ಉಳಿಯಬೇಕಲ್ಲ.

ಇನ್ನು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸರ್ಕಾರದ ಬಹುತೇಕ ಸೌಲಭ್ಯಗಳಿಗೆ ವೈಕಲ್ಯ ಕನಿಷ್ಠ ಶೇ. 40 ಇರಬೇಕು. ಅರ್ಜಿಯ ಬಗ್ಗೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.