ಕುದುರೆ ಉಂಟು, ಬಾಜಿ ಇಲ್ಲ

ಪ್ರಶ್ನೆ: ತಂಗಿ ಬೆಂಗಳೂರಲ್ಲಿ ಕುದುರೆ ಸವಾರಿ ಕಲಿತಿದ್ದಾಳೆ. ಈಗ ಚೀನಾಕ್ಕೆ ಹೋಗಿ ಜಾಕಿ ಆಗ್ತೀನಿ ಅಂತಾಳೆ. ಹೊರದೇಶದ ಹುಡುಗಿಗೆ ಅಲ್ಲಿ ಹೇಗಿರುತ್ತೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ‘ಚೀನಾದಲ್ಲಿ ಎಲ್ಲಿ?’ ಅಂತ ಕೇಳಿ. ಹಾಂಗ್‌ಕಾಂಗ್‌ನಲ್ಲಿ ಬಾಜಿ ಕಾನೂನುಬದ್ಧ. 1884ರಲ್ಲಿ ಶುರುವಾದ ಅಲ್ಲಿನ ಜಾಕಿ ಕ್ಲಬ್ ಲೈಸೆನ್ಸ್ ಕೊಟ್ಟರಷ್ಟೇ ಸವಾರಿ, ಪೈಪೋಟಿಯೂ ಜಾಸ್ತಿ. ಪಕ್ಕದ ಮಕಾವ್ ದ್ವೀಪನಗರದ ಆಸೆ ಬಿಡಿ, 2024ರಲ್ಲೇ ಅಲ್ಲಿ ರೇಸು ನಿಂತಿದೆ. ಇನ್ನು ಚೀನಾದ ಮುಖ್ಯ ಭಾಗದಲ್ಲಿ ವುಹಾನ್, ಒಳ ಮಂಗೋಲಿಯಾ ಕಡೆ ರೇಸು ನಡೆಯುತ್ತವೆ, ಆದರೆ ಕುದುರೆ ಮೇಲೆ ದುಡ್ಡು ಕಟ್ಟುವಂತಿಲ್ಲ, ಹಾಗಾಗಿ ಬಹುಮಾನ ಮಾಲೀಕರು, ಪ್ರಾಯೋಜಕರ ಜೇಬಿನಿಂದಲೇ ಬರಬೇಕು.

ಓಟದಲ್ಲಿ ಗಂಡು, ಹೆಣ್ಣು ಬೇರೆ ಇಲ್ಲ. 2015ರಲ್ಲಿ ಜಾಕಿ ಮಿಶೆಲ್ ಪೇನ್ ಗಂಡಸರನ್ನೇ ಹಿಂದೆ ಹಾಕಿ ಆಸ್ಟ್ರೇಲಿಯಾದ ದೊಡ್ಡ ರೇಸು ಮೆಲ್ಬರ್ನ್ ಕಪ್ ಗೆದ್ದಳು, ಅಲ್ವಾ? ಕಷ್ಟ ಇರುವುದು ತೂಕದಲ್ಲಿ. ರೇಸಿಗೆ ಮುಂಚೆ ಜೀನು ಹಿಡಿದು ತಕ್ಕಡಿ ಹತ್ತಬೇಕು, ಗೆದ್ದರೆ ಇಳಿದ ಮೇಲೆ ಮತ್ತೆ ಹತ್ತಬೇಕು. ನೀವು ಪ್ರೀತಿಯಿಂದ ಕಟ್ಟಿಕೊಡುವ ಧಾರವಾಡ ಪೇಡೆ ಪಾಪ, ಡಬ್ಬಿಯಲ್ಲೇ ಉಳಿಯುತ್ತೆ. ಬೆಳಕು ಹರಿಯುವ ಮುಂಚೆ ಲಾಯ, ತರಬೇತಿ ಓಟ, ಅರ್ಧ ಹೊಟ್ಟೆ ಊಟ, ದಿನವೂ ಇದೇ.

ಚೀನಾದ ಮ್ಯಾಂಡರಿನ್ ಭಾಷೆಯದ್ದು ಬೇರೆ ತಮಾಷೆ. ‘ಮಾ’ ಅಂತ ಸ್ವರ ಇಳಿಸಿ ಏರಿಸಿದರೆ ಕುದುರೆ, ಒಂದೇ ಸಮ ಎತ್ತರಿಸಿ ಎಳೆದರೆ ಅಮ್ಮ! ಲಾಯದ ಹುಡುಗರು ನಗ್ತಾರೆ, ನಗಲಿ.

ಸುಮ್ನೆ ಬಾಯಿಮಾತು ನಂಬಿ ಟಿಕೆಟ್ ಮಾಡಿಸಬೇಡಿ. ಕೆಲಸದ ವೀಸಾ, ಬರಹದಲ್ಲಿ ಒಪ್ಪಂದ, ಬಿದ್ದು ಮೂಳೆ ಮುರಿದರೆ ಆಸ್ಪತ್ರೆ ಖರ್ಚು ಯಾರದು ಅನ್ನೋದು ಕೈಗೆ ಬಂದ ಮೇಲೆ ಹೊರಡಲಿ. ಬೀಳದ ಜಾಕಿಯನ್ನು ನಾನಂತೂ ಕೇಳಿಲ್ಲ.