ದಾರಿದೀಪ ಅಂದಿರಿ, ದಾರಿ ಯಾವುದು?

ನಿಮ್ಮ ‘ನಾಯಕತ್ವ ಮತ್ತು ದೂರದೃಷ್ಟಿ’ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪ್ಯಾರಾಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಮುಚ್ಚಿಡದೆ ಹೇಳಿಬಿಡುತ್ತೇನೆ.

‘ದೂರದೃಷ್ಟಿಯು ಸಂಸ್ಥೆಗೆ ದಾರಿದೀಪ’ ಅಂತ ಬರೆದಿದ್ದೀರಿ. ದೂರದೃಷ್ಟಿ ತೆಗೆದು ಶಿಸ್ತು ಅಂತ ಹಾಕಿ, ಪ್ರಾಮಾಣಿಕತೆ ಅಂತ ಹಾಕಿ. ಆಗಲೂ ಸರಿಯಾಗಿಯೇ ಕೂರುತ್ತದೆ, ಅಲ್ವಾ? ಹಾಗಾದರೆ ದೂರದೃಷ್ಟಿಯ ಬಗ್ಗೆ ಆ ಸಾಲು ಏನೂ ಹೇಳಲಿಲ್ಲ. ಮುಂದಿನದು: ‘ಗುರಿಗಳನ್ನು ರೂಪಿಸಲಾಗುತ್ತದೆ, ಸಿಬ್ಬಂದಿಯನ್ನು ಹುರಿದುಂಬಿಸಲಾಗುತ್ತದೆ.’ ಯಾರು ರೂಪಿಸುತ್ತಾರೆ? ನಾಯಕರ ಬಗ್ಗೆ ಬರೆಯುವಾಗಲೇ ನಾಯಕ ಕಾಣೆಯಾದರೆ ಹೇಗೆ?

ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಹೀಗೇ ಬರೆಯುತ್ತಿದ್ದೆ. ನಮ್ಮ ಹಿರಿಯ ಸಂಪಾದಕರು ಬೈಯುತ್ತಿರಲಿಲ್ಲ, ಪ್ರತಿ ‘ಮಾಡಲಾಗಿದೆ’ ಪಕ್ಕದಲ್ಲೂ ಕೆಂಪು ಪೆನ್ನಿನಲ್ಲಿ ‘ಯಾರು?’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ಒಮ್ಮೆ ಒಂದೇ ಹಾಳೆಯಲ್ಲಿ ಹನ್ನೊಂದು ‘ಯಾರು?’ ಇದ್ದವು. ರಾತ್ರಿ ಕೂತು ಉತ್ತರ ಬರೆಯಲು ಹೋದರೆ, ಅವುಗಳಲ್ಲಿ ಏಳಕ್ಕೆ ನನಗೇ ಉತ್ತರ ಗೊತ್ತಿರಲಿಲ್ಲ.

ಇನ್ನು ಈ ಸಾಲು: ‘ಕೆನಡಿ ಚಂದ್ರನ ಕನಸು ಕಂಡರು, ಅಮೆರಿಕ ಅದನ್ನು ನನಸಾಗಿಸಿತು.’ ಇದು ಜಾಸ್ತಿ ನೋವು ಕೊಟ್ಟಿತು, ಯಾಕಂದರೆ ಲೇಖನದ ಜೀವ ಇಲ್ಲೇ ಇತ್ತು, ನೀವು ಸುಮ್ನೆ ದಾಟಿಕೊಂಡು ಹೋದಿರಿ. 1961ರ ಮೇ 25ರಂದು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮುಂದೆ ಕೇಳಿದ್ದೇನು? ಈ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಬೇಕು, ಕ್ಷೇಮವಾಗಿ ಭೂಮಿಗೆ ವಾಪಸ್ ಕರೆತರಬೇಕು. ಆ ಗಡುವನ್ನು ನೋಡಿ, ಆ ‘ವಾಪಸ್’ ನೋಡಿ. ಮರಳುವ ಇಂಧನವನ್ನೆಲ್ಲ ಹೊತ್ತು ಚಂದ್ರನ ನೆಲಕ್ಕೆ ಇಳಿಯುವುದೋ, ಅಥವಾ ದೊಡ್ಡ ನೌಕೆಯನ್ನು ಚಂದ್ರನ ಸುತ್ತ ತಿರುಗಲು ಬಿಟ್ಟು ಸಣ್ಣದೊಂದರಲ್ಲಿ ಮಾತ್ರ ಇಳಿದು ಹತ್ತುವುದೋ ಅಂತ ನಾಸಾದವರು ವಾದಿಸಿದರು. ರಾಕೆಟ್ ತಜ್ಞ ವರ್ನರ್ ವಾನ್ ಬ್ರೌನ್ ಮೊದಲು ಬೇರೆ ದಾರಿಯ ಪರ ಇದ್ದವರು. 1962ರ ಜೂನ್‌ನಲ್ಲಿ ಅವರು ಮನಸ್ಸು ಬದಲಿಸಿ, ಸಣ್ಣ ನೌಕೆಯ ದಾರಿಯೇ ಇರಲಿ ಅಂದರು. ಕೊಟ್ಟ ಕಾರಣ, ದಶಕದೊಳಗೆ ಮುಗಿಸಲು ಅದರಲ್ಲೇ ಭರವಸೆ ಹೆಚ್ಚು ಅನ್ನುವುದು. ಅದಕ್ಕೂ ಒಂದು ವರ್ಷ ಮೊದಲು ಕೆನಡಿ ಆಡಿದ ಮಾತು ಎಂಜಿನಿಯರುಗಳ ಜಗಳವನ್ನು ಬಿಡಿಸಿತು. ನೀವು ಬರೆಯಬೇಕಿದ್ದ ದೂರದೃಷ್ಟಿ ಇದು!

ಉಳಿದದ್ದನ್ನೆಲ್ಲ ಪಕ್ಕಕ್ಕಿಡಿ. ವಾನ್ ಬ್ರೌನ್ ಮನಸ್ಸು ಬದಲಿಸಿದ ಆ ದಿನದಿಂದ ಶುರು ಮಾಡಿ ಮತ್ತೆ ಬರೆಯಿರಿ, ನನಗೇ ಕಳಿಸಿ. ಕಾಯುತ್ತಿರುತ್ತೇನೆ.